ಸ್ವಂತ ಪುಸ್ತಕ, ಸ್ವಂತ ಪ್ರಕಾಶನ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಲೇಖಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಸ್ತರಿಕೆ, ಬ್ಯಾಂಕು, ಒಕ್ಕಲುತನ, ಅಂಗಡಿ, ಏನೋ ಒಂದು ಕೆಲಸ ಮಾಡುತ್ತಲೇ ಕಥೆ, ನಾಟಕ, ಅನುವಾದ, ಜೀವನಚರಿತ್ರೆ ಎಂದು ಹಲವು ಬಗೆಯಲ್ಲಿ ಬರೆದು, ಕೈಯಿಂದ ರೊಕ್ಕ ಹಾಕಿ ಪುಸ್ತಕ ತರುವವರಿಗಾಗಿ ಈ ಪುಟ. ಬರೆಯುವುದು ಅದರಲ್ಲಿ ಒಂದು ಕೆಲಸ ಮಾತ್ರ. ಉಳಿದ ಕೆಲಸಗಳ ಲೆಕ್ಕ ಮೊದಲೇ ಗೊತ್ತಿದ್ದರೆ ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ಉಳಿಯುವುದಿಲ್ಲ.

ನೌಕರಿ ಮಾಡುತ್ತ ಬರೆದು, ತಾವೇ ಅಚ್ಚು ಹಾಕಿಸಿ ಮಾರಿದವರು ನಮ್ಮ ಕಡೆ ಮೊದಲೂ ಇದ್ದರೆ?

ಇದ್ದರು. ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲಾ ಶಿಕ್ಷಕರಾಗಿದ್ದರು. ಕಾದಂಬರಿ ಬರೆದರು, ಮರಾಠಿಯಿಂದ ಕನ್ನಡಕ್ಕೆ ತಂದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಗೆ ದುಡಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಲೇಖಕ, ಅನುವಾದಕ, ಸಂಪಾದಕ, ವ್ಯಾಪಾರಿ ನಾಲ್ವರೂ ಒಬ್ಬರೇ. ಅವರ ಹೆಸರು ಹೇಳಿ ‘ಪುಸ್ತಕ ಹೊತ್ತು ಮಾರುವ ಗತಿ ಬಂತು’ ಎಂದು ಮರುಗುವವರಿದ್ದಾರೆ. ಓದುಗ ಎಲ್ಲಿದ್ದಾನೋ ಅಲ್ಲಿಗೆ ಹೋಗುವುದು ಆಗಲೂ ಸರಿಯಾದ ವ್ಯಾಪಾರವೇ ಆಗಿತ್ತು, ಈಗಲೂ ಹೌದು.

ಒಂದೇ ಪ್ರಕಾರ ಹಿಡಿದುಕೊಳ್ಳಬೇಕೆ, ಎಲ್ಲವನ್ನೂ ಬರೆಯಬಹುದೆ?

ಬರೆಯಬಹುದು. ಆದರೆ ಪ್ರತಿ ಪ್ರಕಾರದ ರೊಕ್ಕದ ದಾರಿ ಬೇರೆ, ಕಾಗದಪತ್ರ ಬೇರೆ.

ಕಥೆ, ಕವಿತೆಗೆ ಮೊದಲು ಪತ್ರಿಕೆ. ‘ಕರ್ಮವೀರ’, ‘ಕಸ್ತೂರಿ’ಯಂಥವುಗಳಲ್ಲಿ ಐದಾರು ಬರಹ ಬಂದ ಮೇಲೆ ಸಂಕಲನ ತಂದರೆ, ಕೊಳ್ಳುವವರಲ್ಲಿ ಕೆಲವರಿಗಾದರೂ ಹೆಸರಿನ ಪರಿಚಯ ಇರುತ್ತದೆ. ಯಾವ ಬರಹ ಯಾವ ಸಂಚಿಕೆಯಲ್ಲಿ ಬಂತು ಎಂಬ ಪಟ್ಟಿಯನ್ನು ಅಂದಂದೇ ಬರೆದಿಡಿ. ಸಂಕಲನದ ‘ಅರಿಕೆ’ ಬರೆಯುವಾಗ ಅದನ್ನು ನೆನಪಿನಿಂದ ತೆಗೆಯಲಾಗದು. ರೇಡಿಯೋ ಭಾಷಣ, ರೂಪಕಗಳಿಗೆ 1950ರಿಂದ ನಡೆದುಬಂದ ಧಾರವಾಡ ಆಕಾಶವಾಣಿ ಇದೆ. ಅಲ್ಲಿಗೆ ಬರೆದದ್ದನ್ನು ಪುಸ್ತಕಕ್ಕೆ ಸೇರಿಸುವ ಮುನ್ನ ಒಪ್ಪಂದದ ಕಾಗದದಲ್ಲಿ ಹಕ್ಕಿನ ಸಾಲು ಓದಿ.

ನಾಟಕದ ಲೆಕ್ಕವೇ ಬೇರೆ. ಅದು ಓದುಗನಿಗಿಂತ ಹೆಚ್ಚಾಗಿ ಆಡುವ ಮಂಡಳಿಗೆ ಮಾರಾಟವಾಗುತ್ತದೆ, ಒಂದು ಊರು ಹತ್ತು ಪ್ರತಿ ಕೊಳ್ಳುತ್ತದೆ. ‘ಪ್ರಯೋಗಕ್ಕೆ ಲೇಖಕರ ಲಿಖಿತ ಅನುಮತಿ ಅಗತ್ಯ’ ಎಂದು ಒಳಪುಟದಲ್ಲಿ ಹಾಕಿ. ಆದರೂ ಒಂದು ಮಾತು ತಿಳಿದಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ಪ್ರಯೋಗಕ್ಕೆ ವಿನಾಯಿತಿ ಕೊಡುತ್ತದೆ. ಜಾತ್ರೆಯಲ್ಲಿ ಗುಡಿಯ ಸಲುವಾಗಿ ಹುಡುಗರು ನಿಮ್ಮ ನಾಟಕ ಆಡಿದರೆ ಜಗಳಕ್ಕೆ ಹೋಗುವಂತಿಲ್ಲ. ಟಿಕೆಟ್ ಹಚ್ಚಿ ಆಡುವ ಕಂಪನಿಯಿಂದ ಕೇಳಬಹುದು, ಕೇಳಬೇಕು.

ಅನುವಾದಕ್ಕೆ ಮೂಲ ಲೇಖಕರ ಅಥವಾ ವಾರಸುದಾರರ ಅನುಮತಿ, ಕೆಲಸ ಶುರುಮಾಡುವ ಮುನ್ನವೇ. ಭಾರತದಲ್ಲಿ ಹಕ್ಕು ಲೇಖಕರು ತೀರಿದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ತೀರಿದವರ ಬರಹ 2021ರ ಜನವರಿ 1ರಿಂದ ಮುಕ್ತ. ಇನ್ನೂರು ಪುಟ ಅನುವಾದಿಸಿದ ಮೇಲೆ ‘ಹಕ್ಕು ಬೇರೆಯವರಿಗೆ ಕೊಟ್ಟಾಗಿದೆ’ ಎಂಬ ಉತ್ತರ ಬರುವುದು ಅಪರೂಪವೇನಲ್ಲ.

ಅಭಿನಂದನ ಗ್ರಂಥ, ಸಂಸ್ಥೆಯ ಇತಿಹಾಸ, ಯಾರದೋ ಜೀವನಚರಿತ್ರೆ ಬರೆದುಕೊಡುವ ಕೆಲಸದಲ್ಲಿ ರೊಕ್ಕ ಬೇಗ ಬರುತ್ತದೆ, ಮನಸ್ತಾಪವೂ ಬೇಗ ಬರುತ್ತದೆ. ಒಂದು ಪುಟದ ಕರಾರು ಸಾಕು: ಪುಟಗಳ ಸಂಖ್ಯೆ, ಅರ್ಧ ಮುಂಗಡ, ಎರಡೇ ಸಲ ತಿದ್ದುಪಡಿ, ಹೆಸರು ಎಲ್ಲಿ ಬರುತ್ತದೆ, ಹಕ್ಕು ಯಾರದು. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯ್ದೆಯ ಪ್ರಕಾರ ಅದು 5 ವರ್ಷ ಎಂದಾಗುತ್ತದೆ, ಪ್ರದೇಶ ನಮೂದಿಸದಿದ್ದರೆ ಭಾರತದ ಮಟ್ಟಿಗೆ.

ಕೆಲಸ ಮುಗಿಸಿ ಬಂದ ಮೇಲೆ ಪುಸ್ತಕದಷ್ಟು ಬರೆಯುವುದು ಹೇಗೆ?

ಲೆಕ್ಕ ಹಾಕಿದರೆ ಅಂಜಿಕೆ ಕಡಿಮೆಯಾಗುತ್ತದೆ. 1/8 ಡೆಮಿ (ಕಥೆ-ಕಾದಂಬರಿಗೆ ರೂಢಿಯಲ್ಲಿರುವ ಅಳತೆ) ಆಕಾರದ ಪುಟದಲ್ಲಿ 12 ಪಾಯಿಂಟ್ ಕನ್ನಡ ಸುಮಾರು 220 ಪದ ಹಿಡಿಯುತ್ತದೆ. 160 ಪುಟವೆಂದರೆ 35,000 ಪದ. ದಿನಕ್ಕೆ 300 ಪದ, ವಾರಕ್ಕೆ 5 ದಿನ ಬರೆದರೆ 24 ವಾರದಲ್ಲಿ ಮೊದಲ ಕರಡು ಮುಗಿಯುತ್ತದೆ. ರಜೆಯ ದಿನ ಹೊಸದು ಬರೆಯುವ ಬದಲು ವಾರದ ಬರಹ ಓದಿ, ಮುಂದಿನ ದೃಶ್ಯದ ಎರಡು ಸಾಲು ಟಿಪ್ಪಣಿ ಮಾಡಿಟ್ಟುಕೊಂಡರೆ ಸೋಮವಾರ ಖಾಲಿ ಹಾಳೆ ನೋಡುತ್ತ ಕೂಡುವ ಪ್ರಸಂಗ ಬರುವುದಿಲ್ಲ.

ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಗೆ ತೊಡರಿದ ಸಾಲಿಗೆಲ್ಲ ಗೆರೆ ಎಳೆಯಿರಿ. ಎರಡು ಬಗೆಯ ಪುಸ್ತಕ ಏಕಕಾಲಕ್ಕೆ ಬರೆಯುವವರು ಒಂದು ಕರಡು ಹಂತದಲ್ಲಿ, ಇನ್ನೊಂದು ತಿದ್ದುವ ಹಂತದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಎರಡೂ ಕರಡಾಗಿದ್ದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಸಂಭಾಷಣೆಯನ್ನು ನಮ್ಮ ಮಾತಿನಲ್ಲೇ ಬರೆಯಬಹುದೆ? ಬೆಂಗಳೂರಿನವರಿಗೆ ತಿಳಿಯುತ್ತದೆಯೆ?

ತಿಳಿಯುತ್ತದೆ. ಓದುಗನಿಗೆ ಕಷ್ಟವಾಗುವುದು ಒಂದೇ ಪಾತ್ರ ಒಂದು ಪುಟದಲ್ಲಿ ‘ಐತಿ’, ಇನ್ನೊಂದರಲ್ಲಿ ‘ಅದ’, ಮೂರನೆಯದರಲ್ಲಿ ‘ಇದೆ’ ಎಂದಾಗ. ಧಾರವಾಡದ ಕೆಲವು ಮನೆಗಳಲ್ಲಿ ‘ಅದ’, ಹೆಚ್ಚಿನ ಊರುಮನೆಗಳಲ್ಲಿ ‘ಐತಿ’. ಇದು ಪಾತ್ರದ ಮನೆತನವನ್ನೇ ಹೇಳಿಬಿಡುತ್ತದೆ, ಹಾಗಾಗಿ ಮೊದಲೇ ತೀರ್ಮಾನವಾಗಬೇಕು.

ಒಂದು ಹಾಳೆಯಲ್ಲಿ ಪಾತ್ರದ ಹೆಸರು, ಊರು, ವಯಸ್ಸು, ಯಾರಿಗೆ ‘ರೀ’ ಹಚ್ಚಿ ಮಾತಾಡುತ್ತದೆ, ಯಾರಿಗೆ ‘ನೀ’ ಅನ್ನುತ್ತದೆ ಎಂದು ಬರೆದಿಡಿ. ‘ಕೂಡ್ರಿ’ಯೋ ‘ಕುಂದರ್ರಿ’ಯೋ, ‘ಕಾಕಾ’ನೋ ‘ಚಿಗಪ್ಪ’ನೋ, ‘ವೈನಿ’ ಎನ್ನುವ ಮನೆಯೋ ಅಲ್ಲವೋ. ಉಚ್ಚಾರದಲ್ಲಿ ಎರಡು ನಿಯಮ ಹಿಡಿದರೆ ಮುಕ್ಕಾಲು ಕೆಲಸ ಆದಂತೆ: ನಾಮಪದದ ಕೊನೆಯ ಎ-ಕಾರ ಇ-ಕಾರವಾಗುತ್ತದೆ (ಮನೆ–ಮನಿ, ಬೆಲೆ–ಬೆಲಿ), ಕ್ರಿಯಾಪದದ ಕೊನೆಯ ಎ-ಕಾರ ಅ-ಕಾರವಾಗುತ್ತದೆ (ಬರ್ತಾನೆ–ಬರ್ತಾನ, ಹೋಗ್ತಾರೆ–ಹೋಗ್ತಾರ). ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆಯ ಪಾತ್ರವಾದರೆ ಮಾತು ಶಿವಮೊಗ್ಗ ಸೀಮೆಯತ್ತ ವಾಲುತ್ತದೆ, ಅಲ್ಲಿ ಈ ನಿಯಮವನ್ನು ಕಣ್ಣುಮುಚ್ಚಿ ಹಾಕಬೇಡಿ.

ನಿರೂಪಣೆ ಶಿಷ್ಟ ಕನ್ನಡ, ಸಂಭಾಷಣೆ ಆಡುಮಾತು ಎಂಬ ಪದ್ಧತಿ ಸುಲಭ. ನಿರೂಪಣೆಯನ್ನೂ ಆಡುಮಾತಿನಲ್ಲಿ ಬರೆಯುವುದಾದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಹಾಗೇ ನಡೆಯಬೇಕು. ಈ ಹಾಳೆಯ ಒಂದು ಪ್ರತಿ ಪ್ರೂಫ್ (ಅಚ್ಚಿಗೆ ಮುನ್ನ ತಪ್ಪು ತಿದ್ದುವ ಪ್ರತಿ) ನೋಡುವವರಿಗೂ ಹೋಗಲಿ. ಇಲ್ಲದಿದ್ದರೆ ಪಾಪ, ಅವರು ಶ್ರದ್ಧೆಯಿಂದ ಎಲ್ಲ ‘ಮನಿ’ಗಳನ್ನೂ ‘ಮನೆ’ ಮಾಡಿ ಕಳಿಸುತ್ತಾರೆ.

ನುಡಿಯಲ್ಲಿ ಟೈಪ್ ಮಾಡಲೇ, ಯುನಿಕೋಡ್‌ನಲ್ಲೇ?

ಯುನಿಕೋಡ್‌ನಲ್ಲಿ. ಎಲ್ಲ ಗಣಕಯಂತ್ರಗಳಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತ ಅದು. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳಲ್ಲೂ ಯುನಿಕೋಡ್ ಆಯ್ಕೆ ಇದೆ. ಈಗಲೂ ಕೆಲವು ಡಿಟಿಪಿ (ಗಣಕಯಂತ್ರದಲ್ಲಿ ಪುಟ ಜೋಡಿಸುವ) ಕೇಂದ್ರಗಳು ಪೇಜ್‌ಮೇಕರ್‌ನಲ್ಲಿ ಆಯಾ ಫಾಂಟ್ ಇದ್ದರೆ ಮಾತ್ರ ಓದಲು ಬರುವ ಹಳೆಯ ಆಸ್ಕಿ ಅಕ್ಷರಗಳಲ್ಲಿ ಪುಟ ಕಟ್ಟುತ್ತವೆ. ನಿಮ್ಮ ಯುನಿಕೋಡ್ ಕಡತವನ್ನು ಅಲ್ಲಿ ಪರಿವರ್ತಿಸಿದಾಗ ಕೆಡುವ ಜಾಗಗಳು ಗೊತ್ತಿರುವಂಥವೇ:

– ಅರ್ಕಾವತ್ತು ಜಾಗ ತಪ್ಪುವುದು ಅಥವಾ ಬಿದ್ದುಹೋಗುವುದು. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗುವುದು.
– ‘ಸಾಫ್ಟ್‌ವೇರ್’ನಂಥ ಪದದಲ್ಲಿ ಅಕ್ಷರಗಳನ್ನು ಬಿಡಿಸಿಡುವ ಕಾಣದ ಚಿಹ್ನೆ ಅಳಿದು, ವ-ಒತ್ತು ಮೂಡುವುದು.
– ಉದ್ಧರಣ ಚಿಹ್ನೆ, ಆವರಣ, ಅಡ್ಡಗೆರೆಗಳ ಜಾಗದಲ್ಲಿ ಸಂಬಂಧವಿಲ್ಲದ ಅಕ್ಷರ ಬರುವುದು.
– ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗುವುದು.

ಪರಿವರ್ತನೆಯಾದ ಕೂಡಲೇ ಈ ನಾಲ್ಕನ್ನೂ ಹುಡುಕಿ ತಿದ್ದಿ, ಆಮೇಲೆ ಪ್ರೂಫ್ ಓದಲು ಕೂಡಿ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರು ಯುನಿಕೋಡನ್ನು ಹಾಗೇ ಬಳಸಬಹುದು. ಅಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಹಾಕಿರಬೇಕು, ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 16ರಿಂದ 17 ಇರಲಿ, ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹೊಲಿಗೆಯ ಬದಿಯ ಅಂಚು 20 ಮಿ.ಮೀ.ಗಿಂತ ಕಡಿಮೆ ಬೇಡ.

ಪ್ರೂಫ್ ಎಷ್ಟು ಸಲ ನೋಡಬೇಕು?

ಮೂರು ಸಲ, ಮೂರೂ ಕಾಗದದ ಮೇಲೆ. ಮೊದಲನೆಯದು ಮೂಲದೊಂದಿಗೆ ತಾಳೆ ನೋಡಲು: ಬಿಟ್ಟುಹೋದ ಸಾಲು ಸಿಗುವುದು ಇಲ್ಲಿ ಮಾತ್ರ. ಎರಡನೆಯದನ್ನು ನೀವಲ್ಲದೆ ಬೇರೆಯವರು ನೋಡಲಿ. ಬರೆದವನ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ. ಮೂರನೆಯದು ಪುಟಸಂಖ್ಯೆ, ಪರಿವಿಡಿ, ಅಧ್ಯಾಯದ ತಲೆಬರಹ, ಮುಖಪುಟ ಮತ್ತು ಬೆನ್ನಿನ ಮೇಲಿನ ಹೆಸರು ಇಷ್ಟಕ್ಕೇ. ಒಳಗೆ ನೂರು ತಪ್ಪಿದ್ದರೂ ಓದುಗ ಕ್ಷಮಿಸಬಹುದು, ಮುಖಪುಟದ ಒಂದು ತಪ್ಪನ್ನು ಊರೆಲ್ಲ ಆಡಿಕೊಳ್ಳುತ್ತದೆ. ಮೂರನೆಯ ಪ್ರೂಫ್‌ನಲ್ಲಿ ವಾಕ್ಯ ತಿದ್ದುವ ಚಟ ಬಿಡಿ, ಒಂದು ಸಾಲು ಜಾರಿದರೆ ಮುಂದಿನ ಪುಟಗಳೆಲ್ಲ ಜಾರುತ್ತವೆ.

ಆಕಾರ, ಕಾಗದ, ಬೈಂಡಿಂಗ್ ಯಾವುದು ಸರಿ?

‘ಮುದ್ರಣ ಕಾಶಿ’ ಎನಿಸಿಕೊಂಡ ಗದಗಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ ಪ್ರೆಸ್‌ಗೆ ಹೋದರೆ ಮೊದಲು ಕೇಳುವುದು ಇದನ್ನೇ. ಕಥೆ-ಕಾದಂಬರಿಗೆ ರೂಢಿಯ ಉತ್ತರ: 1/8 ಡೆಮಿ, ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಅಳತೆ) ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮೇಲೆ ಮ್ಯಾಟ್ ಲ್ಯಾಮಿನೇಶನ್.

ಡೆಮಿ ಹಾಳೆಯೊಂದರಲ್ಲಿ ಎರಡೂ ಬದಿ ಸೇರಿ 16 ಪುಟ. ಅದೇ ಒಂದು ಫಾರಂ. 160 ಪುಟಕ್ಕೆ 10 ಫಾರಂ. 500 ಪ್ರತಿಗೆ 5,000 ಹಾಳೆ, ಅಂದರೆ 10 ರೀಮ್. ಹಾಳಾಗುವುದಕ್ಕೆಂದು ನೂರಕ್ಕೆ ಐದರಷ್ಟು ಸೇರಿಸಿದರೆ ಹತ್ತೂವರೆ ರೀಮ್. ಪ್ರೆಸ್‌ನ ಅಂದಾಜುಪಟ್ಟಿ 13 ರೀಮ್ ತೋರಿಸಿದರೆ ಯಾಕೆಂದು ಕೇಳುವ ಧೈರ್ಯ ಈ ಲೆಕ್ಕದಿಂದ ಬರುತ್ತದೆ. ಪುಸ್ತಕ 163 ಪುಟಕ್ಕೆ ನಿಂತರೆ ಮೂರು ಪುಟದ ಸಲುವಾಗಿ ಇನ್ನೊಂದು ಫಾರಂ ಏಳುತ್ತದೆ. ಮುನ್ನುಡಿಯನ್ನೋ ಅರಿಕೆಯನ್ನೋ ಕತ್ತರಿಸಿ 160ಕ್ಕೆ ತನ್ನಿ.

ಬೆನ್ನಿನ ದಪ್ಪ 160 ಪುಟಕ್ಕೆ ಸುಮಾರು 7 ಮಿ.ಮೀ. ಬರುತ್ತದೆ, ಆದರೆ ಕಾಗದದಿಂದ ಕಾಗದಕ್ಕೆ ವ್ಯತ್ಯಾಸ ಇರುವುದರಿಂದ ಅದೇ ಕಾಗದದ ಖಾಲಿ ಡಮ್ಮಿ (ಮಾದರಿ ಪುಸ್ತಕ) ಮಾಡಿಸಿ ಅಳೆದ ಮೇಲೆಯೇ ಮುಖಪುಟದ ಕಲಾವಿದರಿಗೆ ಅಳತೆ ಕೊಡಿ. ಊಹೆಯಿಂದ ಕೊಟ್ಟರೆ ಬೆನ್ನಿನ ಅಕ್ಷರ ಮುಖಪುಟಕ್ಕೆ ಹೊರಳುತ್ತದೆ.

ಸುಮಾರು 64 ಪುಟದವರೆಗೆ ನಡುವೆ ಪಿನ್ ಸಾಕು. ನಾಟಕದ ಪುಸ್ತಕ ತಾಲೀಮಿನಲ್ಲಿ ಮಡಚಿ, ಹಿಗ್ಗಿಸಿ, ಬೆವರುಗೈಯಲ್ಲಿ ಓಡಾಡುವಂಥದ್ದು, ಅದಕ್ಕೆ ಅಂಟಿನ ಬೈಂಡಿಂಗ್ ಬೇಡ. ಪಿನ್ ಇಲ್ಲವೇ ಹೊಲಿಗೆ. 250 ಪುಟ ದಾಟಿದ ಕಾದಂಬರಿಗೂ ಹೊಲಿಗೆಯೇ ಬಾಳಿಕೆ. ಅಂಟಿನ ಬೈಂಡಿಂಗ್‌ನಲ್ಲಿ ಹಾಳೆ ಉದುರಿದರೆ ಸಾಮಾನ್ಯ ಕಾರಣ ಎರಡು: ಅಂಟು ಹಚ್ಚುವ ಮುನ್ನ ಬೆನ್ನನ್ನು ಸಾಕಷ್ಟು ಒರಟು ಮಾಡಿಲ್ಲ, ಅಥವಾ ಅಂಟು ಒಣಗುವ ಮೊದಲೇ ಕತ್ತರಿಸಿದ್ದಾರೆ. ಧಾರವಾಡದ ಮಳೆಗಾಲದಲ್ಲಿ ಕಾಗದ ತಂಪು ಹಿಡಿದು ಪುಟ ಅಲೆಯಾಗುವುದೂ ಉಂಟು, ಆದ್ದರಿಂದ ಜುಲೈ-ಆಗಸ್ಟ್ ಬಿಟ್ಟು ಮುದ್ರಿಸುವುದು ಲೇಸು.

ಎಷ್ಟು ಪ್ರತಿ ಹಾಕಿಸಬೇಕು?

ಕೊಳ್ಳುವವರ ಹೆಸರಿನ ಪಟ್ಟಿ ಬರೆಯಿರಿ. ‘ನಮ್ಮ ಕಾಲೇಜಿನವರು’ ಎಂದಲ್ಲ, ಹೆಸರು ಹಿಡಿದು. ಆ ಪಟ್ಟಿಯ ಎರಡು ಪಟ್ಟು ಮೊದಲ ಮುದ್ರಣಕ್ಕೆ ಸಾಕು. 200–300ರ ಒಳಗಾದರೆ ಡಿಜಿಟಲ್ ಮುದ್ರಣ, ಅದಕ್ಕೆ ಪ್ಲೇಟಿನ ಖರ್ಚಿಲ್ಲ. 500 ಮತ್ತು ಮೇಲೆ ಆಫ್‌ಸೆಟ್ (ಪ್ಲೇಟು ಮಾಡಿ ಅಚ್ಚು ಹಾಕುವ ಪದ್ಧತಿ) ಅಗ್ಗ. ಆಫ್‌ಸೆಟ್‌ನಲ್ಲಿ 500ರಿಂದ 1,000ಕ್ಕೆ ಏರಿದರೆ ಪ್ರತಿಯ ದರ ಇಳಿಯುತ್ತದೆ ನಿಜ, ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಮಾರಾಟವಾಗದ 600 ಪ್ರತಿಗಿಂತ ದುಬಾರಿ ಪ್ರತಿ ಯಾವುದೂ ಇಲ್ಲ.

500 ಪ್ರತಿಯ ತೂಕವೂ ಗೊತ್ತಿರಲಿ. ಮೇಲೆ ಹೇಳಿದ 160 ಪುಟದ ಪುಸ್ತಕ ಸುಮಾರು 190 ಗ್ರಾಂ, ಒಟ್ಟು 95 ಕಿಲೋ. ನೆಲಕ್ಕೆ ತಾಗದಂತೆ, ಗೋಡೆಯಿಂದ ದೂರ, ಮಲಗಿಸಿ ಇಡಿ. ಗೆದ್ದಲು ಗೋಡೆಯ ಬದಿಯಿಂದಲೇ ಬರುತ್ತದೆ.

ಬೆಲೆ ಹೇಗೆ ಇಡುವುದು?

ಪುಟಕ್ಕೆ ಒಂದು ರೂಪಾಯಿಯ ಆಸುಪಾಸು ಎಂಬ ಅಂದಾಜು ನಡೆದುಬಂದಿದೆ. ಅದರ ಮೇಲೆ ಕೂಡದೆ ಲೆಕ್ಕ ಹಾಕಿ. ಉದಾಹರಣೆಗೆ ಡಿಟಿಪಿ, ಮುಖಪುಟ, ಮುದ್ರಣ ಎಲ್ಲ ಸೇರಿ 500 ಪ್ರತಿಗೆ 40,000 ರೂಪಾಯಿ ಆಯಿತೆಂದುಕೊಳ್ಳಿ, ಬೆಲೆ 180. ಅಂಗಡಿಗೆ ಶೇ. 40 ರಿಯಾಯಿತಿ ಕೊಟ್ಟರೆ ಕೈಗೆ 108. ಹಾಕಿದ ರೊಕ್ಕ ಮರಳಲು 371 ಪ್ರತಿ ಹೋಗಬೇಕು. ಶೇ. 10 ರಿಯಾಯಿತಿಯಲ್ಲಿ ನೇರ ಮಾರಿದರೆ ಪ್ರತಿಗೆ 162, 247 ಪ್ರತಿಗೆ ಅಸಲು ಬಂತು. ಗೌರವ ಪ್ರತಿಗಳನ್ನು ಈ ಲೆಕ್ಕದ ಹೊರಗಿಟ್ಟು ಮೊದಲೇ ಸಂಖ್ಯೆ ನಿಗದಿ ಮಾಡಿ, ಇಲ್ಲದಿದ್ದರೆ ಬೀಗರು, ಗೆಳೆಯರು, ಹಳೆಯ ಸಾಹೇಬರು ಎನ್ನುತ್ತ ನೂರು ದಾಟುತ್ತದೆ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಪ್ರೆಸ್‌ನ ಬಿಲ್ಲಿನಲ್ಲಿ ತೆರಿಗೆ ಇರಬಹುದು, ದರ ಕೇಳುವಾಗಲೇ ‘ಎಲ್ಲ ಸೇರಿ ಎಷ್ಟು’ ಎಂದು ಕೇಳಿ.

ಐಎಸ್‌ಬಿಎನ್, ಕೃತಿಸ್ವಾಮ್ಯ ಕಡ್ಡಾಯವೆ?

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕಡ್ಡಾಯವಲ್ಲ, ಆದರೆ ಅಂಗಡಿ, ಗ್ರಂಥಾಲಯ, ಆನ್‌ಲೈನ್ ಮಾರಾಟಕ್ಕೆ ಬೇಕಾಗುತ್ತದೆ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ, ಲೇಖಕರು ಸ್ವಂತ ಹೆಸರಿನಲ್ಲೇ ಆನ್‌ಲೈನ್ ಅರ್ಜಿ ಹಾಕಬಹುದು. ‘ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ’ ಎಂದು ರೊಕ್ಕ ಕೇಳುವವರು ಕೇಳುತ್ತಿರುವುದು ತಮ್ಮ ದಲಾಲಿ. ಅವರ ಸಂಖ್ಯೆ ಹಾಕಿದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ. ಸಂಖ್ಯೆ ಬರಲು ದಿನ ಹಿಡಿಯುತ್ತದೆ, ಎರಡನೆಯ ಪ್ರೂಫ್ ಹೊತ್ತಿಗೇ ಅರ್ಜಿ ಹಾಕಿ.

ಕೃತಿಸ್ವಾಮ್ಯ ಬರೆದ ಕ್ಷಣವೇ ನಿಮ್ಮದು. ನೋಂದಣಿ ಐಚ್ಛಿಕ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ.

ಕಡ್ಡಾಯವಾದದ್ದು ಬೇರೆ ಇದೆ, ಅದನ್ನೇ ಹೆಚ್ಚಿನವರು ಮರೆಯುತ್ತಾರೆ. 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ತಲಾ ಒಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕಳಿಸಬೇಕು. ಇಲ್ಲಿ ಪ್ರಕಾಶಕರು ನೀವೇ.

ಸರಕಾರಿ ನೌಕರಿಯಲ್ಲಿದ್ದೇನೆ. ಅನುಮತಿ ಬೇಕೆ?

ನಡತೆ ನಿಯಮಗಳು ಶುದ್ಧ ಸಾಹಿತ್ಯಕ್ಕೂ ಆಡಳಿತವನ್ನು ಕುರಿತ ಬರಹಕ್ಕೂ ವ್ಯತ್ಯಾಸ ಮಾಡುತ್ತವೆ. ಆದರೂ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಪುಸ್ತಕದ ಹೆಸರು, ಪ್ರಕಾರ, ಮಾರಾಟ ಹೇಗೆ ಎಂಬುದು ಅರ್ಜಿಯಲ್ಲಿರಲಿ. ಪ್ರಕಾಶನ ಮನೆಯವರ ಹೆಸರಿನಲ್ಲಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಗ್ರಂಥಾಲಯ ಖರೀದಿ ನಂಬಿ ಹೆಚ್ಚು ಪ್ರತಿ ಹಾಕಿಸಬಹುದೆ?

ಬೇಡ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಅದರ ಪ್ರಕಟಣೆಯಲ್ಲಿ ಹೇಳಿದ ವರ್ಷ, ನೋಂದಣಿ, ಪುಟಬೆಲೆಯ ಷರತ್ತು ಅಕ್ಷರಶಃ ಪಾಲಿಸಿ, ಆಮೇಲೆ ಮರೆತುಬಿಡಿ. ಆಯ್ಕೆಯೂ ತಡ, ಹಣವೂ ತಡ. ಮೊದಲ ಪುಸ್ತಕದ ಯುವ ಲೇಖಕರಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆಯನ್ನು ನೋಡಿ. ಅದಕ್ಕೆ ಹಸ್ತಪ್ರತಿ ಕಳಿಸಬೇಕು, ಅಚ್ಚಾದ ಪುಸ್ತಕವಲ್ಲ.

ಬಿಡುಗಡೆ ಸಮಾರಂಭ ಬೇಕೆ?

ಸಣ್ಣದಾಗಿ ಬೇಕು. ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಕಡೆ ಓದುವ ಜನ ಬರುತ್ತಾರೆ. ವೇದಿಕೆಯ ಮೇಲೆ ನಾಲ್ಕು ಜನ ಸಾಕು, ಅದರಲ್ಲೊಬ್ಬರು ಪುಸ್ತಕ ಓದಿರಬೇಕು. ಹದಿನೈದು ದಿನ ಮೊದಲೇ ಅವರಿಗೆ ಪುಸ್ತಕ ಮುಟ್ಟಲಿ. ಮಾರಾಟದ ಮೇಜು ಬಾಗಿಲ ಬಳಿ ಇರಲಿ, ಚಿಲ್ಲರೆ ಮತ್ತು ಕ್ಯೂಆರ್ ಕೋಡ್ ಎರಡೂ ಇರಲಿ, ಅಲ್ಲಿ ಕೂಡುವವರು ನೀವಾಗಿರಬಾರದು. ಶಾಲು, ಹಾರ, ಫಲತಾಂಬೂಲದ ಖರ್ಚು ಮುಖಪುಟದ ಖರ್ಚನ್ನು ಮೀರಿದರೆ ಎಲ್ಲೋ ತಪ್ಪಿದೆ.

ಆಮೇಲೆ ಮಾರುವುದೆಲ್ಲಿ?

ಅಂಗಡಿಗೆ ಕೊಡುವಾಗ ಎರಡು ಪ್ರತಿಯ ರಶೀದಿ ಪುಸ್ತಕ ಒಯ್ಯಿರಿ: ದಿನಾಂಕ, ಪ್ರತಿ, ರಿಯಾಯಿತಿ, ಸಹಿ. ಐದೈದೇ ಕೊಟ್ಟು, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ನೋಡಿ. ನೀವು ಹೋಗದಿದ್ದರೆ ಪುಸ್ತಕ ಹಿಂದಿನ ಸಾಲಿಗೆ ಸರಿಯುತ್ತದೆ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಚೆನ್ನಾಗಿ ಹೋಗುತ್ತದೆ, ಆದರೆ ಅಖಿಲ ಭಾರತ ಸಮ್ಮೇಳನ ಈ ಭಾಗಕ್ಕೆ ಬಂದದ್ದು ಗದಗಿಗೆ 2010ರಲ್ಲಿ, ಧಾರವಾಡಕ್ಕೆ 2019ರಲ್ಲಿ, ಹಾವೇರಿಗೆ 2023ರಲ್ಲಿ. ಅದನ್ನು ಕಾಯುತ್ತ ಕೂಡುವಂತಿಲ್ಲ. ತಾಲ್ಲೂಕು ಸಮ್ಮೇಳನ, ಕಾಲೇಜಿನ ವಿಚಾರ ಸಂಕಿರಣ, ಮಠದ ಜಾತ್ರೆ, ಇವುಗಳಲ್ಲಿ ಮೂರು-ನಾಲ್ಕು ಲೇಖಕರು ಕೂಡಿ ಒಂದೇ ಮೇಜು ಹಾಕುವುದು ಸರಿಹೋಗುತ್ತದೆ.

ಅಂಚೆಗೆ ‘ಜ್ಞಾನ ಪೋಸ್ಟ್’ ಸೇವೆ 2025ರ ಮೇ 1ರಿಂದ ಶುರುವಾಗಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪೊಟ್ಟಣ ಎಲ್ಲಿದೆ ಎಂದು ಆನ್‌ಲೈನ್‌ನಲ್ಲಿ ನೋಡಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು, ಜಾಹೀರಾತು ತುಂಬಿದ ಸ್ಮರಣ ಸಂಚಿಕೆಯಂಥದ್ದು ನಡೆಯುವುದಿಲ್ಲ. 190 ಗ್ರಾಂ ಪುಸ್ತಕ ತೆಳು ರಟ್ಟು ಹಾಕಿ ಕಟ್ಟಿದರೂ ಮೊದಲ ದರದಲ್ಲೇ ಹೋಗುತ್ತದೆ. ಮುಖಪುಟಕ್ಕೆ ದಪ್ಪ ರಟ್ಟು ಹಾಕಿ ಗಟ್ಟಿ ಬೈಂಡಿಂಗ್ ಮಾಡಿಸುವವರು ಈ ತೂಕವನ್ನೂ ಎಣಿಸಬೇಕು.

ಎರಡನೆಯ ಮುದ್ರಣ ಯಾವಾಗ?

50 ಪ್ರತಿ ಉಳಿದಾಗ ಯೋಚಿಸಿ, ಪೂರ್ತಿ ಮುಗಿದ ಮೇಲಲ್ಲ. ಮೊದಲ ಮುದ್ರಣದ ಒಂದು ಪ್ರತಿಯನ್ನು ತಿದ್ದುವ ಪ್ರತಿಯೆಂದು ಎತ್ತಿಟ್ಟು, ಓದುಗರು ತೋರಿಸಿದ ತಪ್ಪನ್ನೆಲ್ಲ ಅದರಲ್ಲೇ ಗುರುತು ಹಾಕುತ್ತ ಹೋಗಿ. ಡಿಟಿಪಿಯವರಿಂದ ಪಿಡಿಎಫ್ ಮಾತ್ರವಲ್ಲ, ಪುಟ ಕಟ್ಟಿದ ಮೂಲ ಕಡತ, ಬಳಸಿದ ಫಾಂಟ್‌ನ ಹೆಸರು, ಮುಖಪುಟದ ಪದರಗಳಿರುವ ಕಡತ ಮೂರನ್ನೂ ಬಾಕಿ ತೀರಿಸುವ ಮುನ್ನವೇ ಪಡೆದುಕೊಳ್ಳಿ. ಕೇಂದ್ರ ಮುಚ್ಚಿದರೆ ಅಥವಾ ಗಣಕಯಂತ್ರ ಕೆಟ್ಟರೆ ಪಿಡಿಎಫ್‌ನಿಂದ ಕನ್ನಡವನ್ನು ಮತ್ತೆ ಹೊರತೆಗೆಯುವುದು ಪುಸ್ತಕವನ್ನು ಹೊಸದಾಗಿ ಟೈಪ್ ಮಾಡಿದಷ್ಟೇ ಕೆಲಸ.